ಉಡಚವ್ವ ಹೇಳಿದ್ದು

"ಇವತ್ತು ನಾನೂ ನಿಮ್ಮ ಸಂಗಡ ಬರುತ್ತೇನೆ, ಮಾಸ್ತರರೇ. ಆ ತಾಯಿಯನ್ನು ಒಮ್ಮೆ ಕಣ್ಣಾರೆ ನೋಡಬೇಕು," ಎಂದು ಕೆಲ್ಲರ್ ಪಾದ್ರಿ ಗೂಟದ ಮೇಲಿನ ಟೋಪಿ ತೆಗೆದುಕೊಂಡಾಗ ಹುಚ್ಚೀರಪ್ಪ ಮಾಸ್ತರನಿಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. ಹದಿನೆಂಟು ವರ್ಷ ಬೆಟಗೇರಿಯ ನೀರು ಕುಡಿದರೂ ಈ ಮನುಷ್ಯ ಇನ್ನೂ ಪುಸ್ತಕದ ಕನ್ನಡವನ್ನೇ ಆಡುತ್ತಾನೆ. ಕಂಡಿಕೆಗೆ ನೂಲು ಸುತ್ತುವ ಮುದುಕಿಯೊಬ್ಬಳಿಗೆ 'ಆ ತಾಯಿ' ಅನ್ನುತ್ತಾನೆ. "ಬಿಸಲು ಭಾಳ ಐತ್ರಿ ಸಾಹೇಬ್ರ, ನಾಳೆ ಹೋಗೂಣು," ಎಂದ. ನಾಳೆ ಪಾದ್ರಿ ಧಾರವಾಡದಲ್ಲಿರಬೇಕಾಗಿತ್ತು. "ಆಕಿಗೆ ಮೈಯಾಗ ಆರಾಮಿಲ್ರಿ," ಎಂದ. ಹಾಗಾದರೆ ಇವತ್ತೇ ಹೋಗಬೇಕು ಎಂದು ಪಾದ್ರಿ ಕಪಾಟಿನಿಂದ ಎರಡು ಔಷಧದ ಬಾಟಲಿ ತೆಗೆದು ಚೀಲಕ್ಕೆ ಹಾಕಿಕೊಂಡ. ಮೇಜಿನ ಮೇಲಿದ್ದ ನೀಲಿ ರಟ್ಟಿನ ವಹಿಯನ್ನೂ ಹಾಕಿಕೊಂಡ. ಆ ವಹಿ ಚೀಲದೊಳಗೆ ಇಳಿಯುವುದನ್ನು ನೋಡುತ್ತ ಮಾಸ್ತರ ಅಂಗಿಯ ಗುಂಡಿಯನ್ನು ಸುಮ್ಮನೆ ಬಿಚ್ಚಿ ಮತ್ತೆ ಹಾಕಿಕೊಂಡ.

ವಹಿಯ ತುಂಬ ಉಡಚವ್ವನ ಮಾತು. ಕ್ರೈಸ್ತರ ವೇದವನ್ನು ಹೊಸದಾಗಿ ಕನ್ನಡಕ್ಕೆ ತರುವ ಕೆಲಸ ಮೂರು ವರ್ಷದಿಂದ ನಡೆದಿತ್ತು, ಅದಕ್ಕೊಂದು ಪದ್ಧತಿಯೂ ಇತ್ತು. ಪಾದ್ರಿ ಗ್ರೀಕ್ ಪುಸ್ತಕ ತೆರೆದಿಟ್ಟುಕೊಂಡು ಒಂದೊಂದೇ ವಾಕ್ಯದ ಅರ್ಥ ಹೇಳಬೇಕು; ಮಾಸ್ತರ ಅದನ್ನು ಕನ್ನಡ ಮಾಡಬೇಕು; ಆಮೇಲೆ ಆ ಹಾಳೆಗಳನ್ನು, ಓದುಬರಹ ಬಾರದ, ಆ ಧರ್ಮದ ಗಾಳಿಯೂ ಸೋಕದ ಒಬ್ಬರ ಮುಂದೆ ಕೂತು ಓದಬೇಕು; ಮರುದಿನ ಅವರು ನೆನಪಿನಲ್ಲಿ ಉಳಿದಷ್ಟನ್ನು ತಮ್ಮ ಮಾತಿನಲ್ಲಿ ಹೇಳಬೇಕು; ಹೇಳಿದ್ದನ್ನು ಹೇಳಿದ ಹಾಗೆಯೇ ತಾರೀಖು ಹಾಕಿ ವಹಿಯಲ್ಲಿ ಬರೆಯಬೇಕು. ಉಡಚವ್ವನ ಮಾತುಗಳನ್ನು ಓದಿ ಬೆಂಗಳೂರಿನ ತಿದ್ದುಪಡಿ ಮಂಡಳಿಯವರು ಬೆರಗಾಗಿದ್ದರಂತೆ. ನಾಡು ಒಂದಾಗಲು ಇನ್ನು ಹನ್ನೆರಡು ದಿನ. ಡಿಸೆಂಬರಿನಲ್ಲಿ ಮಂಡಳಿ ಸೇರುವಾಗ ಈ ಕಡೆಯ ಕನ್ನಡದ ಪರವಾಗಿ ಹುಚ್ಚೀರಪ್ಪ ಮಾಸ್ತರರು ಬಂದು ಕೂಡಬೇಕೆಂದು ಪತ್ರ ಬಂದಿತ್ತು. ಹರ್ತಿ, ಮುಂಡರಗಿ, ಕೊನೆಗೆ ಶಿರಹಟ್ಟಿ ಎಂದು ಮೂವತ್ತು ವರ್ಷ ಕನ್ನಡ ಶಾಲೆಗಳ ಹಲಗೆಯ ಮೇಲೆ ಸುಣ್ಣದ ಕಡ್ಡಿ ಸವೆಸಿದವನನ್ನು ಯಾರೂ ಎಲ್ಲಿಗೂ ಕರೆದಿರಲಿಲ್ಲ. ಈಗ ಕರೆದಿದ್ದರು. ಆದರೆ ಶಿವರಾತ್ರಿಯಿಂದೀಚೆಗೆ, ಅಂದರೆ ಎಂಟು ತಿಂಗಳಿಂದ, ಅವನು ಉಡಚವ್ವನ ಮನೆಯ ಕಡೆ ಮುಖ ಹಾಕಿರಲಿಲ್ಲ. ಅಲ್ಲಿಂದೀಚೆಗೆ ಆಕೆಯ ಹೆಸರಿನ ಕೆಳಗೆ ವಹಿಯಲ್ಲಿ ಬಂದುದನ್ನೆಲ್ಲ ಅವನೇ ಕೂತು ಹುಟ್ಟಿಸಿ ಬರೆದಿದ್ದ.

ಪಾದ್ರಿಯ ಕಾಲು ಉದ್ದ. ಅವನು ಒಂದು ಹೆಜ್ಜೆ ಇಟ್ಟರೆ ಮಾಸ್ತರ ಎರಡು ಇಡಬೇಕು, ಹಿಂದೆ ಬಿದ್ದರೆ ಆಳಿನ ಹಾಗೆ ಕಾಣುತ್ತದೆ, ಜೊತೆಗೆ ಹೋದರೆ ಏದುಸಿರು. ಸುಡಗಾಡು, ಇದೆಲ್ಲ ಬೇಕಾಗಿತ್ತೇ ತನಗೆ? ದಿನಾ ಸಂಜೆ ಗದಗಿನ ತನ್ನ ಮನೆ ಮುಟ್ಟಿದ ಕೂಡಲೇ ನೀಲಗಂಗವ್ವ ಚೊಂಬು ಹಿಡಿದು ಹೊಸ್ತಿಲಿಗೆ ಅಡ್ಡ ನಿಲ್ಲುತ್ತಾಳೆ. "ಅಲ್ಲೇ ನಿಂದರ್ರಿ. ಕಾಲಿಗೆ ನೀರು ಹಾಕ್ಕೊಂಡು ಧೋತರ ಬದಲಿ ಮಾಡಿ ಒಳಗ ಬರ್ರಿ. ಲಿಂಗಪೂಜಿ ಮಾಡೂ ಮನಿ ಐತಿ." ಕಟ್ಟಿಕೊಂಡ ಹೆಂಡತಿ ಓಣಿಯವರ ಎದುರಿಗೆ ಹೀಗೆ ಅನ್ನುತ್ತಾಳೆ. ಪಾದ್ರಿಯ ಬಂಗಲೆಯಲ್ಲಿ ಅವನು ಮೂರು ವರ್ಷದಲ್ಲಿ ಒಂದು ಗುಟುಕು ನೀರು ಕುಡಿದವನಲ್ಲ, ತನ್ನ ತಂಬಿಗೆಯನ್ನು ತಾನೇ ಒಯ್ಯುತ್ತಾನೆ. ಅದನ್ನು ಹೇಳಿದರೂ ಯಾರು ಕೇಳುತ್ತಾರೆ? ಪಾದ್ರಿ ಮಾತ್ರ ಆ ತಂಬಿಗೆಯನ್ನು ಕಂಡಾಗಲೆಲ್ಲ ಕ್ಷಮಿಸಿದವನ ಹಾಗೆ ನಗುತ್ತಾನೆ. ಆ ನಗೆಯಂಥ ಹೊಲಸು ಈ ಲೋಕದಲ್ಲಿ ಇನ್ನೊಂದಿಲ್ಲ ಅನಿಸುತ್ತಿತ್ತು ಮಾಸ್ತರನಿಗೆ.

ಚಾವಡಿಯ ಹತ್ತಿರ ಕಮಾನು ಕಟ್ಟುತ್ತಿದ್ದರು. ಬಿದಿರಿಗೆ ಮಾವಿನ ತೊಂಗಲು, ಮೇಲೆ ಬಣ್ಣದ ಅರಿವೆ, ನವೆಂಬರ್ ಒಂದರ ಸ್ವಾಗತ. ಮುನಸಿಪಾಲಟಿಯ ಕಾರಕೂನ ಯಮನೂರಪ್ಪ ಏಣಿಯ ಮೇಲೆ ನಿಂತಿದ್ದ. ಒಂದು ಕಾಲಕ್ಕೆ ಮಾಸ್ತರನ ಕೈಯಲ್ಲೇ ಅಕ್ಷರ ತಿದ್ದಿದವನು. "ನಮಸ್ಕಾರ್ರಿ ಪಾದ್ರಿ ಮಾಸ್ತರ! ಯೇಸುನ್ನ ಕನ್ನಡಿಗನ್ನ ಮಾಡೂ ಕೆಲಸ ಎಲ್ಲಿಗೆ ಬಂತ್ರಿ? ಒಂದನೇ ತಾರೀಖಿನ ಒಳಗ ಮುಗಿಸಿದ್ರ ಮೆರವಣಿಗಿಯೊಳಗ ಅವನ್ನೂ ಕರ್ಕೊಂಡು ಹೊಕ್ಕೇವಿ," ಎಂದ. ಏಣಿ ಹಿಡಿದವರು ನಕ್ಕರು. ಅಂದಿನ ಸ್ವಾಗತ ಪತ್ರ ಬರೆಯಲು ಹುಚ್ಚೀರಪ್ಪನ ಹೆಸರು ಬಂದಿತ್ತಂತೆ, ಅವ ಪಾದ್ರಿಯ ಉಪ್ಪು ತಿನ್ನುವವ ಎಂದು ಯಾರೋ ಹೊಡೆದುಹಾಕಿದರಂತೆ. ಇವರ ನಾಡು ಒಂದಾದರೆಷ್ಟು, ಹರಿದು ಹತ್ತಾದರೆಷ್ಟು? ಪಾದ್ರಿ ಮಾತ್ರ ಏಣಿಯ ಕಡೆ ಟೋಪಿ ಎತ್ತಿ, "ಮೊದಲ ತಾರೀಖಿನೊಳಗೆ ಆಗಲಾರದು," ಎಂದು ಗಂಭೀರವಾಗಿ ಉತ್ತರ ಕೊಟ್ಟ. ಅದಕ್ಕೂ ನಕ್ಕರು.

ಬಂಗಲೆಯ ಗೋಡೆಗೆ ಲೋಕದ ಒಂದು ನಕಾಶೆ ಇದೆ. ಈ ಪುಸ್ತಕ ಯಾವ ಯಾವ ನುಡಿಗೆ ಹೋಗಿದೆಯೋ ಅಲ್ಲೆಲ್ಲ ಪಾದ್ರಿ ಕೆಂಪು ಟಾಚಣಿ ಚುಚ್ಚಿದ್ದಾನೆ. ಸಾವಿರಕ್ಕೂ ಮೀರಿದ ನುಡಿಗಳಂತೆ. ಕುರಿಯನ್ನೇ ಕಾಣದ ದ್ವೀಪದವರಿಗೆ ಕುರುಬನ ಕಥೆ ಹೇಗೆ ಹೇಳುವುದು ಎಂದು ಅಲ್ಲಿಯೂ ಒಬ್ಬ ಪಾದ್ರಿ ತಲೆ ಕೆರೆದುಕೊಳ್ಳುತ್ತಿರುತ್ತಾನಂತೆ, ಅವನ ಪಕ್ಕದಲ್ಲಿಯೂ ಒಬ್ಬ ಮಾಸ್ತರ ಇರುತ್ತಾನಂತೆ. ಟಾಚಣಿ ಚುಚ್ಚಿಸಿಕೊಂಡ ಸಾವಿರ ಮಾಸ್ತರರು! ಅವರ ಹೆಂಡಿರೂ ಚೊಂಬು ಹಿಡಿದು ಹೊಸ್ತಿಲಲ್ಲಿ ನಿಲ್ಲುತ್ತಾರೇನು? ಮೊದಲ ವರ್ಷ ಅವನಿಗೂ ಒಂದು ಹುರುಪು ಇತ್ತು. "ಸಾಹೇಬ್ರ, ನನಗೂ ಆ ಗ್ರೀಕ್ ಅಕ್ಷರ ಕಲಸ್ರಿ, ಮೂಲದಾಗ ಏನೈತಿ ನಾನ ನೋಡ್ತೀನಿ," ಎಂದಿದ್ದ. "ನಿಮಗೆ ಅದರ ಅಗತ್ಯವಿಲ್ಲ ಮಾಸ್ತರರೇ. ಮೂಲವನ್ನು ನಾನು ನೋಡಿಕೊಳ್ಳುತ್ತೇನೆ. ನೀವು ಕನ್ನಡ ನೋಡಿಕೊಳ್ಳಿರಿ," ಎಂದಿದ್ದ ಪಾದ್ರಿ, ಹೊಲದ ಪಾಲು ಹಂಚುವವನ ಹಾಗೆ. ಆ ಅಗತ್ಯವಿಲ್ಲ ಎಂಬ ಮಾತು ಮಾಸ್ತರನ ಎದೆಯಲ್ಲಿ ಇನ್ನೂ ಕೂತಿತ್ತು. ಆದರೆ ಅದೇ ಪಾದ್ರಿ ಇನ್ನೊಂದು ದಿನ ಬಾಯಿ ತಪ್ಪಿ ಒಂದು ಗುಟ್ಟು ಬಿಟ್ಟುಕೊಟ್ಟಿದ್ದ. ಯೇಸು ಆಡಿದ ಮಾತು ಗ್ರೀಕ್ ಅಲ್ಲವಂತೆ. ಆತ ಊರ ಜನರ ಸಂಗಡ ಆಡಿದ್ದು ಅರಾಮಿಕ್ ಎಂಬ ಮನೆಮಾತು. ಆತ ಹೋಗಿ ಎಷ್ಟೋ ವರ್ಷದ ಮೇಲೆ, ಬೇರೆಯವರು, ಬೇರೆ ಮಾತಿನಲ್ಲಿ, ನೆನಪಿನಿಂದ ಬರೆದರಂತೆ. ಹಾಗಾದರೆ ಮೂಲವೆಲ್ಲಿ? ಮೂಲವೆಂದು ನೀನು ಎದೆಗವಚಿಕೊಂಡಿರುವುದೂ ಯಾವನೋ ಮಾಸ್ತರ ಕನ್ನಡ ಮಾಡಿದ ಹಾಗೆ ಗ್ರೀಕ್ ಮಾಡಿದ್ದೇ ತಾನೆ? ಸತ್ತವನ ಮಾತನ್ನು ನೆನೆದು ಬರೆದವರು ಸಂತರು, ಬದುಕಿರುವ ಮುದುಕಿಯ ಮಾತನ್ನು ಬರೆದ ನಾನು ಲಫಂಗನೋ? ಈ ವಾದವನ್ನು ಎಂಟು ತಿಂಗಳಲ್ಲಿ ನೂರು ಸಲ ತಿರುವಿ ಹಾಕಿದ್ದ. ವಾದ ಗಟ್ಟಿಯಾಗಿಯೇ ಇತ್ತು. ಇವತ್ತು ಬಿಸಿಲಲ್ಲಿ ನಡೆಯುವಾಗ ಮಾತ್ರ ಅದು ಯಾಕೋ ಬೆನ್ನಿಗೆ ನಿಲ್ಲಲಿಲ್ಲ.

ಅವಳೇ ಮಾಡಿದ್ದು ಇದನ್ನೆಲ್ಲ, ಆ ಉಡಚವ್ವ. ದಿನಾ ಬೆಳಿಗ್ಗೆ ಅವನು ಅವರ ಮನೆಯ ಕಟ್ಟೆಯ ಮೇಲೆ, ಹೊರಗೇ, ತನ್ನ ಟವೆಲ್ಲು ಹಾಸಿ ಕೂರುತ್ತಿದ್ದ; ಆಕೆ ಬಾಗಿಲ ಒಳಗೆ ರಾಟಿ ತಿರುಗಿಸುತ್ತ ಕಂಡಿಕೆ ಸುತ್ತುತ್ತಿದ್ದಳು. ಹಿರಿಯ ಮಗ ತಿರಕಪ್ಪ ಒಳಗೆ ಮಗ್ಗದ ಕುಣಿಯಲ್ಲಿ ಲಾಳಿ ಒಗೆಯುತ್ತಿದ್ದ. ಕಿರಿಯ ಮಗ ಮೂಕಪ್ಪ ಸೊಲ್ಲಾಪುರದ ಗಿರಣಿಗೆಂದು ಹೋದವನು ಏಳು ವರ್ಷವಾದರೂ ತಿರುಗಿ ಬಂದಿರಲಿಲ್ಲ. ಆಕೆಗೆ ತಿಳಿಯಿತೋ ಇಲ್ಲವೋ ಎಂದು ಕೇಳುವ ಕಾರಣವೇ ಇರಲಿಲ್ಲ. ತಿಳಿದರೆ ರಾಟಿ ತಿರುಗುತ್ತಿತ್ತು, ತಿಳಿಯದಿದ್ದರೆ ನಿಲ್ಲುತ್ತಿತ್ತು, ರಾಟಿ ನಿಂತಲ್ಲಿ ಮಾಸ್ತರ ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತಿದ್ದ. ಶಿವರಾತ್ರಿಯ ಮರುದಿನ ಅವನು ಮನೆ ಬಿಟ್ಟು ಹೋದ ಮಗನ ಕಥೆ ಓದುತ್ತಿದ್ದ. ಅಪ್ಪನಿಗೆ ಇಬ್ಬರು ಮಕ್ಕಳು, ದೊಡ್ಡವ ಮನೆಯಲ್ಲೇ ದುಡಿಯುತ್ತಾನೆ, ಸಣ್ಣವ ಪಾಲು ತೆಗೆದುಕೊಂಡು ದೂರ ದೇಶಕ್ಕೆ ಹೋಗಿ ಎಲ್ಲ ಹಾಳುಮಾಡಿ ಹಂದಿ ಕಾಯುತ್ತಾನೆ, ಹಸಿದು ಹಂದಿಯ ಮೇವಿಗೂ ಆಸೆಪಡುತ್ತಾನೆ. ಆ ಹಸಿವನ್ನು ಬರೆಯಲು ಮಾಸ್ತರ ಎರಡು ದಿನ ತೆಗೆದುಕೊಂಡಿದ್ದ, ತಾನೇ ಓದಿಕೊಂಡು ತಲೆದೂಗಿದ್ದ. ಅಲ್ಲಿಗೆ ಬಂದಾಗ ರಾಟಿ ನಿಂತಿತು. "ಮಾಸ್ತರ, ತಪ್ಪ ತಿಳಕೋಬ್ಯಾಡ್ರಿ. ನೀವು ಎಂದೂ ಹಸದಾವ್ರಲ್ಲ ಅನ್ನೂದು ಗೊತ್ತಾಗತೈತಿ ನೋಡ್ರಿ. ಹಸದಾಂವ ಇಷ್ಟ ಮಾತಾಡೂದಿಲ್ರಿ," ಎಂದಳು. ಎದುರು ಕಟ್ಟೆಯ ನೇಕಾರರು ಕಿಸಕ್ಕನೆ ನಕ್ಕರು. ಅವನು ಹಾಳೆ ಮಡಚಿದ. "ಆ ಹುಡುಗ ಮನಿಗೆ ಬರ್ತಾನೇನ್ರಿ?" ಎಂದು ಆಕೆ ಕೇಳಿದಳು. "ನಾಳೆ," ಎಂದು ಟವೆಲ್ಲು ಝಾಡಿಸಿ ಎದ್ದವನು ಮತ್ತೆ ಆ ಓಣಿಗೆ ಕಾಲಿಡಲಿಲ್ಲ.

ಮರುದಿನದಿಂದ ಗದಗ ಸ್ಟೇಷನ್ನಿನ ಕಲ್ಲುಬೆಂಚು. ಹೊಟಗಿ ಗಾಡಿ ಕಾಯುವ ಹೆಂಗಸರ ನಡುವೆ ಕೂತು, ಅವರು ಸೊಸೆಯನ್ನು ಬೈಯುವ ಮಾತು, ಕೂಸನ್ನು ರಮಿಸುವ ಮಾತು, ಎಲ್ಲವನ್ನೂ ಹೆಕ್ಕಿ ಹೆಕ್ಕಿ ಉಡಚವ್ವನ ಬಾಯಿಗೆ ಹಾಕಿದ. ನಿನಗಿಂತ ಚಲೋ ಉಡಚವ್ವನನ್ನು ನಾನು ಮಾಡುತ್ತೇನೆ ನೋಡು ಎಂದು ಹಟ ಹಿಡಿದು ಬರೆದ. ಖರೆ ಹೇಳಬೇಕೆಂದರೆ, ಆಯುಷ್ಯದಲ್ಲಿ ಅವನು ಬರೆದ ಒಳ್ಳೆಯ ಕನ್ನಡವೆಲ್ಲ ಆ ನೀಲಿ ವಹಿಯಲ್ಲೇ ಇತ್ತು, ಅದೂ ಹೆಬ್ಬೆಟ್ಟು ಒತ್ತುವ ಮುದುಕಿಯೊಬ್ಬಳ ಹೆಸರಲ್ಲಿ. ಪಾದ್ರಿ ಓದಿ ಕಣ್ಣು ಒರೆಸಿಕೊಂಡು, "ನಿಮ್ಮ ಕನ್ನಡ ಚೆನ್ನಾಗಿದೆ ಮಾಸ್ತರರೇ, ಆದರೆ ಉಡಚವ್ವನವರದು ಜೀವಂತವಾಗಿದೆ," ಎಂದಿದ್ದ. ಆ ರಾತ್ರಿ ಮಾಸ್ತರನಿಗೆ ರೊಟ್ಟಿ ಇಳಿದಿರಲಿಲ್ಲ.

ನೇಕಾರರ ಓಣಿಯ ಬಾವಿ ಕಂಡಿತು. ದೀಪಾವಳಿ ಹತ್ತಿರ ಬಂದಿದ್ದರಿಂದ ಎಲ್ಲ ಮನೆಯಲ್ಲಿಯೂ ಮಗ್ಗದ ಸಪ್ಪಳ. ಅವನು ಓಡುನಡಿಗೆಯಲ್ಲಿ ಪಾದ್ರಿಯನ್ನು ದಾಟಿ ಮುಂದಾಗಲು ನೋಡಿದ. ನಾಲ್ಕು ಹೆಜ್ಜೆ ಮೊದಲು ಮುಟ್ಟಿದರೆ ಸಾಕು, ಕಣ್ಣು ಮಿಟುಕಿಸಿ ಹೇಳಬಹುದು: ಉಡಚವ್ವಾ, ಪಾದ್ರಿ ಬಂದಾನ, ಮಾಸ್ತರ ದಿನಾ ಬರ್ತಾರಂತ ಅನ್ನವಾ. ಆಕೆ ಅನ್ನುತ್ತಾಳೆಯೇ? ಆಕೆ ಅನ್ನುವವಳಲ್ಲ. ಶಿವರಾತ್ರಿಯಿಂದ ಎಲ್ಲಿ ಹೋಗಿದ್ರಿ ಮಾಸ್ತರ ಎಂದು ಓಣಿಯೆಲ್ಲ ಕೇಳುವ ಹಾಗೆ ಒದರುತ್ತಾಳೆ. ಬೆಂಗಳೂರು ಹೋಯಿತು, ಮಂಡಳಿ ಹೋಯಿತು, ಪಾದ್ರಿ ಆ ಹೊಲಸು ನಗೆ ನಕ್ಕು ಕ್ಷಮಿಸುತ್ತಾನೆ, ಯಮನೂರಪ್ಪ ಏಣಿ ಹತ್ತಿ ಊರಿಗೆಲ್ಲ ಸಾರುತ್ತಾನೆ. ಬಾವಿಯ ಹತ್ತಿರ ತಿರುಗುವಾಗ ಅವನ ಮನಸ್ಸಿನಲ್ಲಿ, ತಾನಾಗಿಯೇ, ಒಂದು ಮಾತು ಹಾದುಹೋಯಿತು: ಮುದುಕಿ ಸತ್ತಿದ್ದರೆ ಎಷ್ಟು ಚಲೋ ಆಗುತ್ತಿತ್ತು. ಶಿವ ಶಿವಾ ಎಂದುಕೊಂಡು ಅಂಗಿಯ ಮೇಲಿಂದಲೇ ಲಿಂಗವನ್ನು ಮುಟ್ಟಿಕೊಂಡ.

ರಾಟಿ ಬಾಗಿಲ ಒಳಗೆ ಇದ್ದಲ್ಲಿಯೇ ಇತ್ತು. ಅದರ ಮುಂದೆ ಕೂತವಳು ತಿರಕಪ್ಪನ ಹೆಂಡತಿ ಮಂಜವ್ವ. ಪಾದ್ರಿಯ ಟೋಪಿ ಕಂಡು ಗಾಬರಿಯಾಗಿ ಸೆರಗು ಹೊದ್ದುಕೊಂಡಳು. "ಉಡಚವ್ವನವರು ಇದ್ದಾರೆಯೇ? ಔಷಧ ತಂದಿದ್ದೇನೆ," ಎಂದ ಪಾದ್ರಿ. ಮಂಜವ್ವ ಪಾದ್ರಿಯನ್ನು ನೋಡಿದಳು, ಅವನ ಬೆನ್ನ ಹಿಂದಿದ್ದ ಮಾಸ್ತರನನ್ನು ನೋಡಿದಳು.

"ಅತ್ತಿ ಹೋಗಿ ನಾಕು ತಿಂಗಳ ಮ್ಯಾಲಾತಲ್ರಿ. ಕಾರಹುಣ್ಣಿವಿ ಮುಂದ ಹ್ವಾದ್ಲು. ಮಾಸ್ತರಗ ಗೊತ್ತಿದ್ದಿಲ್ಲೇನ್ರಿ?"

ಪಾದ್ರಿ ತಿರುಗಲಿಲ್ಲ. ಟೋಪಿ ತೆಗೆದು ಎದೆಗೆ ಹಿಡಿದುಕೊಂಡು, ಬಾಗಿಲು ಗಿಡ್ಡವಾಗಿದ್ದರಿಂದ ಬಾಗಿ ಒಳಗೆ ಹೋದ, ಮಂಜವ್ವ ಹಾಸಿದ ಚಾಪೆಯ ಮೇಲೆ ಕೂತ, ಚೀಲದಿಂದ ನೀಲಿ ವಹಿಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು ಕಾರಹುಣ್ಣಿಮೆಯಿಂದ ಈಚಿನ ಹಾಳೆಗಳನ್ನು ಒಂದೊಂದಾಗಿ ತಿರುವಿದ. ಅವಸರವಿರಲಿಲ್ಲ ಅವನಿಗೆ. ಹೊರಗೆ ಕಟ್ಟೆಯ ಬದಿಗೆ ನಿಂತ ಮಾಸ್ತರನಿಗೆ ಹಾಳೆ ಸರಿಯುವ ಸಪ್ಪಳ ಮಗ್ಗದ ಸಪ್ಪಳದ ನಡುವೆಯೂ ಕೇಳುತ್ತಿತ್ತು. ಬೈಯಬಾರದೇ ಈ ಮನುಷ್ಯ? ಕಪಾಳಕ್ಕೆ ಹೊಡೆಯಬಾರದೇ? ಶಿರಹಟ್ಟಿಯಲ್ಲಿ ಒಮ್ಮೆ ಇನಸ್ಪೆಕ್ಟರ ಹೀಗೆಯೇ, ಹುಡುಗರ ಎದುರಿಗೆ, ಹಾಜರಿ ಪುಸ್ತಕ ತಿರುವಿದ್ದ; ಅಂದು ಅವನು ಶಾಲೆಗೆ ಬಾರದ ಹುಡುಗರಿಗೂ ಹಾಜರಿ ಹಾಕಿದ್ದ, ಶಾಲೆ ಮುಚ್ಚಬಾರದೆಂದು.

ಮಂಜವ್ವನಿಗೆ ಇದೊಂದೂ ತಿಳಿಯಲಿಲ್ಲ. ಬಂದವರಿಗೆ ಸತ್ತವರ ಸುದ್ದಿ ಹೇಳುವುದು ರೀತಿ ಎಂದು ಹೇಳತೊಡಗಿದಳು. "ಭಾಳ ದಿನಾ ಹಾಸಿಗ್ಯಾಗ ಇದ್ಲುರಿ. ದಿನಾ ಮುಂಜಾನಿ ಕೇಳಾಕಿ, ಮಾಸ್ತರ ಬಂದ್ರೇನು? ಆ ಹುಡುಗ ಮನಿಗೆ ಬಂದ್ನೋ ಇಲ್ಲೋ? ನನಗೇನ್ ಗೊತ್ತರಿ? ಬಂದ ಅಂತ ಸುಳ್ಳ ಹೇಳಿದ್ರ, ನೀ ಹೇಳಬ್ಯಾಡ, ಮಾಸ್ತರ ಓದಿ ಹೇಳ್ಲಿ ಅನ್ನಾಕಿ. ಅಂದು ನಾ ಹಸವಿನ ಮಾತು ಆಡಿದ್ಕ ಮಾಸ್ತರ ಸಿಟ್ಟಾದ್ರು, ತಪ್ಪಾತಂತ ಹೇಳವಾ ಅಂದ್ಲು. ಕಡೀ ದಿನಾನೂ ಅದನ್ನ ಕೇಳಿದ್ಲುರಿ. ಆ ಹುಡುಗ ಬಂದ್ನೇನ್ರಿ ಮಾಸ್ತರ?"

ಪಾದ್ರಿ ಒಂದು ಪುಟಕ್ಕೆ ಬಂದು ನಿಂತಿದ್ದ. ವಹಿಯನ್ನು ತೆರೆದ ಹಾಗೆಯೇ ಬಾಗಿಲಿನಾಚೆಗೆ ಚಾಚಿದ. "ಓದಿರಿ, ಮಾಸ್ತರರೇ. ಅವರು ಕೇಳುತ್ತಿದ್ದಾರೆ." ಅಷ್ಟೇ ಅಂದ. ನಗಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ ಆ ಮುಖದ ಮೇಲೆ ಕ್ಷಮೆ ಇರಲಿಲ್ಲ, ಅದನ್ನು ಕಂಡು ಮಾಸ್ತರನಿಗೆ ಇದ್ದ ಒಂದು ಆಸರೆಯೂ ತಪ್ಪಿದಂತಾಯಿತು. ಮಂಡಳಿಯವರನ್ನು ಬೆರಗುಗೊಳಿಸಿದ ಪುಟವನ್ನು ಶಿವರಾತ್ರಿಯ ಮರುವಾರವೇ ಕಳಿಸಿಯಾಗಿತ್ತು; ಅದು ಸಾಲದೆಂದು, ಬೆಂಗಳೂರಿಗೆ ಒಯ್ಯಲು, ಕಥೆಯ ಕೊನೆಯನ್ನು ಇನ್ನೊಮ್ಮೆ ಆಕೆಯಿಂದ ಹೇಳಿಸಿದ ಹಾಗೆ ಮೊನ್ನೆ ಹೊಸದಾಗಿ ಬರೆದದ್ದು ಇದು. ಅವನು ಓದಿದ. ಶಾಲೆಯಲ್ಲಿ ಓದುತ್ತಿದ್ದ ದನಿಯೇ ಬಂತು, ಬೇರೆ ದನಿ ಅವನಿಗೆ ಇರಲಿಲ್ಲ.

"ಅಪ್ಪ ದಿನಾ ಅಗಸಿ ಬಾಗಲದಾಗ ನಿಂತು ದಾರಿ ನೋಡ್ತಿದ್ನಂತ. ದೂರದಾಗ ನಡಿಗಿ ಕಂಡ ಕೂಡ್ಲೇ ಇಂವ ನನ್ನ ಮಗಾ ಅಂತ ಗುರ್ತ ಹಿಡದ್ನಂತ. ವಯಸ್ಸಾದಾಂವ, ಧೋತರ ಎತ್ತಿ ಹಿಡಕೊಂಡು ಓಡಿದ್ನಂತ. ಮಗಾ ತಪ್ಪಾತಪ್ಪೋ ಅನ್ನೂದರಾಗ ಅಪ್ಪ ತೆಕ್ಕಿ ಬಡದಿದ್ನಂತ. ಹೊಟ್ಟೀಲೆ ಹುಟ್ಟಿದ್ದು, ಎದುರಿಗೆ ಬಂದು ನಿಂತ್ರ ಬೈಯಾಕ ಬಾಯಿ ಎಲ್ಲಿ ಬರತೈತಿ?"

ಮಂಜವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಬಂದ್ನಲ್ಲ, ಸಾಕ್ರಿ," ಎಂದಳು. ಆಮೇಲೆ ಏನೋ ಹೊಳೆದು ಕೇಳಿದಳು. "ಆದ್ರ ಇದು ನಿಮ್ಮ ಮಾತಲ್ಲಲ್ರಿ, ನಮ್ಮ ಮಾತು. ಯಾರ ಹೇಳಿದ್ದು?"

"ಹೆಸರು ಬರೆದಿದೆ. ತಾರೀಖೂ ಬರೆದಿದೆ. ಅದನ್ನೂ ಓದಿರಿ," ಎಂದ ಪಾದ್ರಿ.

"ಉಡಚವ್ವ ಹೇಳಿದ್ದು," ಎಂದು ಓದಿದ ಮಾಸ್ತರ. "ಹ್ವಾದ ಸೋಮವಾರ."

ಒಳಗೆ ಮಗ್ಗ ನಿಂತಿತು. ಇಷ್ಟು ಹೊತ್ತು ತಿರಕಪ್ಪ ಅಲ್ಲಿದ್ದಾನೆಂಬುದನ್ನೇ ಮಾಸ್ತರ ಮರೆತಿದ್ದ. ಸೊಂಟದ ಮಟ ಕುಣಿಯಲ್ಲಿ ಕೂತಿದ್ದ ಅವನು ನೂಲಿನ ಸಾಲಿನ ಮೇಲಿಂದ ಬಾಗಿಲ ಕಡೆ ನೋಡಿದ. ಎದ್ದು ಬಂದು ಕೊರಳಪಟ್ಟಿ ಹಿಡಿಯುತ್ತಾನೆ ಎಂದುಕೊಂಡ ಮಾಸ್ತರ. ಹಿಡಿಯಲಿ ಎಂದುಕೊಂಡ, ಹಿಡಿದರೆ ಎಲ್ಲ ಅಲ್ಲಿಗೆ ಮುಗಿಯುತ್ತದೆ. ತಿರಕಪ್ಪ ಎದ್ದೇಳಲಿಲ್ಲ.

"ಮಾಸ್ತರ, ಆ ಕಥಿಯೊಳಗ ದೊಡ್ಡ ಮಗಾ ಒಬ್ಬ ಇದ್ನಲ್ರಿ, ಮನಿಯಾಗ ದುಡಕೋಂತ ಕುಂತಾಂವ. ಅಂದು ನೀವು ಓದೂ ಮುಂದ ನಾ ಇಲ್ಲೇ ಕುಂತು ಕೇಳಿದ್ದೆ. ಅವನ ಸುದ್ದಿ ಏನಾರ ಅಂದಾಳೇನ್ರಿ ನಮ್ಮವ್ವ, ಅದರಾಗ?"

ಮಾಸ್ತರ ಪುಟವನ್ನು ನೋಡಿದ. ಹಿಂದಿನ ಪುಟವನ್ನು ನೋಡಿದ. ಎರಡು ಪುಟದ ತುಂಬ ಸಣ್ಣ ಮಗನೇ ಇದ್ದ, ಅವನ ಹಸಿವು, ಅವನ ನಡಿಗೆ, ಅವನ ಕೊರಳಿಗೆ ಬಿದ್ದ ಅಪ್ಪನ ಕೈ. ಸಿಟ್ಟಾಗಿ ಮನೆಯ ಹೊರಗೇ ನಿಂತ ದೊಡ್ಡವನ ಮಾತು ಮೂಲದಲ್ಲಿ ಇತ್ತು, ಪಾದ್ರಿ ಅರ್ಥ ಹೇಳಿದ್ದ, ಅದು ರುಚಿಸದೆ ಇವನೇ ಅದನ್ನು ಉಡಚವ್ವನ ಬಾಯಿಗೆ ಹಾಕದೆ ಬಿಟ್ಟಿದ್ದ. ಈಗ ಒಂದು ಮಾತು ಹುಟ್ಟಿಸಿದರೆ ಸಾಕಾಗಿತ್ತು. ಎಂಟು ತಿಂಗಳು ಕೇಳದಿದ್ದರೂ ಸುರಿದಿದ್ದ ಮಾತುಗಳಲ್ಲಿ ಒಂದಾದರೂ ಬರಲಿ ಎಂದು ಕಾದ. ಒಂದೂ ಬರಲಿಲ್ಲ.

"ಇಲ್ಲಪಾ," ಎಂದ. "ಏನೂ ಅಂದಿಲ್ಲ."

"ಹಂಗಾರ ಅದು ಖರೇನ ನಮ್ಮವ್ವನ ಮಾತು ಬಿಡ್ರಿ," ಎಂದ ತಿರಕಪ್ಪ. "ಸಾಯೂತನಾ ಆಕಿ ನನ್ನ ಸುದ್ದಿ ಆಡಲಿಲ್ಲ."

ಅವನು ಲಾಳಿ ಎತ್ತಿಕೊಂಡ. ಮಗ್ಗ ಮತ್ತೆ ಸಪ್ಪಳ ಮಾಡತೊಡಗಿತು. "ಹೊರಗ ಯಾಕ ನಿಂತ್ರಿ ಮಾಸ್ತರ, ಒಳಗ ಬರ್ರಿ," ಎಂದಳು ಮಂಜವ್ವ. ವಹಿಯನ್ನು ಹಿಡಿದುಕೊಂಡು ಮಾಸ್ತರ ಕಟ್ಟೆಯ ಹತ್ತಿರ ನಿಂತೇ ಇದ್ದ.